ತರೀಕೆರೆ ಅಜ್ಜಿಯ ಬಳ್ಳಿಗೆ ಅಚ್ಚು ಕೊರೆದದ್ದು

ಕಡೂರಿನ ಜವಳಿ ಅಂಗಡಿಯ ಯಜಮಾನರು ಹಳೆಯ ರಜಾಯಿಯೊಂದನ್ನು ನಮ್ಮ ನಡುಮನೆಯ ಚಾಪೆಯ ಮೇಲೆ ಹರವಿ, "ಇಂಥವೇ ಆರು ಬೇಕು ಕಣಮ್ಮ, ಶಿವರಾತ್ರಿ ಒಳಗೆ. ಮೆಷಿನ್ನಲ್ಲಿ ಆಗ್ತದೋ ಇಲ್ಲವೋ ಈಗ್ಲೇ ಹೇಳ್ಬಿಡಿ" ಎಂದರು. ನಾನು ಅದನ್ನು ಸರಿಯಾಗಿ ನೋಡುವ ಮೊದಲೇ "ಆಗ್ತದೆ" ಎಂದುಬಿಟ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಅಜ್ಜಂಪುರದಲ್ಲಿ ಮೆಷಿನ್ ಎಂಬ್ರಾಯಿಡರಿ ಬಲ್ಲವಳೆಂದರೆ ನಾನೇ ಎಂದು ನನಗೆ ನಾನೇ ಅಂದುಕೊಂಡಿದ್ದೆ. ರವಿಕೆಯ ತೋಳಿಗೆ, ದಿಂಬಿನ ಚೀಲಕ್ಕೆ ಹೂವು ಬಿಡಿಸಿ ಒಂದಿಷ್ಟು ಹೆಸರಾಗಿತ್ತು. ಆ ಹೆಸರು ತಲೆಗೂ ಏರಿತ್ತು. ಆದರೆ ರಿಂಗಿನೊಳಗೆ ಬಿಗಿದು ಕೂರಿಸುವ ಗೇಣುದ್ದದ ಬಟ್ಟೆಯೇ ಬೇರೆ, ಹತ್ತಿ ತುಂಬಿದ ಆಳುದ್ದದ ಹೊದಿಕೆಯೇ ಬೇರೆ ಎಂಬುದು ಆ ದಿನ ಹೊಳೆಯಲಿಲ್ಲ.

ಯಜಮಾನರು ಹೋದ ಮೇಲೆ ಕೂತು ನೋಡಿದೆ. ಕುಂಕುಮದ ಬಣ್ಣದ ಬಟ್ಟೆ, ಒಳಗೆ ತೆಳ್ಳಗೆ ಹರಡಿದ ಹತ್ತಿ, ಮೇಲೆ ಬಿಳಿ ದಾರದ ಕೈಹೊಲಿಗೆ. ನಡುವಿನಿಂದ ಹೊರಟ ಬಳ್ಳಿಯೊಂದು ಸುತ್ತಿ ಸುತ್ತಿ ಅಂಚಿನವರೆಗೂ ಹಬ್ಬಿತ್ತು. ಅದರ ಪ್ರತಿ ತಿರುವಿನಲ್ಲೂ ಐದೆಸಳಿನ ಒಂದು ಹೂವು, ಎರಡು ಎಲೆ. ಬಣ್ಣ ಮಾಸಿತ್ತು, ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಯಾರು ಹೊಲಿದದ್ದು ಎಂದು ಕೇಳಿದ್ದಕ್ಕೆ ಯಜಮಾನರು, "ಯಾರೋ ತರೀಕೆರೆ ಮುದುಕಮ್ಮ, ಪೇಟೆ ಮಸೀದಿ ಹಿಂದಿನ ಬೀದಿ. ಈಗ ಕಣ್ಣು ಕಾಣಲ್ಲ. ಅದೆಲ್ಲ ನಿಮಗ್ಯಾಕೆ? ಮದುವೆ ಮನೆಯವರಿಗೆ ಇದೇ ಡಿಸೈನು ಬೇಕಂತೆ, ಅಷ್ಟು ಬಂದ್ರೆ ಸಾಕು" ಎಂದು ಮಾತು ಮುಗಿಸಿದ್ದರು.

ಸಾಧಾರಣ ಹೊಲಿಗೆಯಲ್ಲಿ ಮೆಷಿನ್ನಿನ ಹಲ್ಲು ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ. ಈ ಕೆಲಸದಲ್ಲಿ ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಬಿಚ್ಚಿ, ಹಲ್ಲಿನ ಮೇಲೆ ತಗಡು ಮುಚ್ಚಿ, ಬಟ್ಟೆಯನ್ನು ಎರಡೂ ಕೈಯಿಂದ ನಾವೇ ಓಡಿಸಬೇಕು. ಸೂಜಿ ನಿಂತಲ್ಲೇ ಕುಣಿಯುತ್ತದೆ, ಗೆರೆ ಎಳೆಯುವವರು ನಾವು. ಕಾಲು ಪೆಡಲ್ ತುಳಿಯುತ್ತಿರಬೇಕು, ಕೈ ತಿರುವು ತೆಗೆಯುತ್ತಿರಬೇಕು. ಎರಡಕ್ಕೂ ಹೊಂದಾಣಿಕೆ ತಪ್ಪಿದರೆ ಸೂಜಿ ಮುರಿಯಿತು ಎಂದೇ ಲೆಕ್ಕ. ಆದ್ದರಿಂದ ಬಟ್ಟೆಯ ಮೇಲೆ ಕಣ್ಣಿಗೆ ಕಾಣುವ ಗುರುತು ಬೇಕು. ಸೀಳಿನ ಮೂಲಕ ಪುಡಿ ತಟ್ಟಿ ಆ ಗುರುತು ಇಳಿಸಲು ಕೊರೆದ ಹಾಳೆ ಬೇಕು, ಅದನ್ನೇ ನಾವು ಅಚ್ಚು ಎನ್ನುತ್ತಿದ್ದೆವು.

ರಜಾಯಿಯ ಮೇಲೆ ತೆಳುವಾದ ಕಾಗದ ಹಾಸಿ ಇದ್ದಿಲಿನ ತುಂಡಿನಿಂದ ಮೆಲ್ಲಗೆ ಉಜ್ಜಿದೆ. ಉಬ್ಬು ಕಪ್ಪಾಗಿ, ಹೊಲಿಗೆಯ ತಗ್ಗು ಬಿಳಿಯಾಗಿ ಉಳಿದು ಬಳ್ಳಿ ಮೂಡಿತು. ಮೊದಲ ಅಚ್ಚನ್ನು ಸೀರೆ ಡಬ್ಬದ ರಟ್ಟಿನಲ್ಲಿ ಕೊರೆದೆ. ನಾಲ್ಕು ಸಲ ಪುಡಿ ತಟ್ಟುವಷ್ಟರಲ್ಲಿ ಅಂಚು ನಾರುನಾರಾಯಿತು. ಆಸ್ಪತ್ರೆಯ ಕಾಂಪೌಂಡರು ಹಳೆಯ ಎಕ್ಸ್‌ರೇ ಹಾಳೆಗಳನ್ನು ಕೊಟ್ಟು, "ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿ, ಕರಿ ಬಿಡ್ತದೆ" ಎಂದು ಉಪಾಯ ಹೇಳಿದರು. ಬಚ್ಚಲಲ್ಲಿ ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದಾಗ ನಮ್ಮ ಅತ್ತೆ ಬಾಗಿಲಲ್ಲಿ ನಿಂತರು.

"ಅದೇನೇ ಅದು?"

"ಎಕ್ಸ್‌ರೇ ಅತ್ತೆ."

"ಯಾರ ಪಕ್ಕೆಲುಬೋ ಏನೋ, ತಂದು ನಮ್ಮ ಬಚ್ಚಲಲ್ಲಿ ತೊಳೀತಿದೀಯಲ್ಲೇ! ಬದುಕೈತೋ ಇಲ್ವೋ ಆ ಜೀವ?"

ಅವರು ಹಾಗೆ ಕೇಳಿದ ಮೇಲೆ ಉಜ್ಜುವ ಕೈ ನನಗೂ ಸ್ವಲ್ಪ ಮೆತ್ತಗಾಯಿತು.

ತೊಳೆದ ಹಾಳೆ ಗಾಜಿನಂತೆ ತಿಳಿಯಾಯಿತು. ಕೆಳಗೆ ಕಾಗದದ ನಕಲು ಇಟ್ಟು, ಕ್ಷೌರದ ಬ್ಲೇಡಿನಿಂದ ಗೆರೆಯ ಉದ್ದಕ್ಕೂ ಸಣ್ಣ ಸೀಳು ತೆಗೆದೆ. ಮೊದಲ ಹೂವನ್ನು ಸುತ್ತಲೂ ಕೊರೆದು ಎತ್ತಿದರೆ ಹೂವಿಗೆ ಹೂವೇ ಕಳಚಿ ಕೆಳಗೆ ಬಿತ್ತು. ಅಲ್ಲಲ್ಲಿ ಕಾಳಿನಗಲ ಕೊರೆಯದೆ ಬಿಟ್ಟರೆ ಮಾತ್ರ ಎಸಳು ಹಾಳೆಗೆ ಕಚ್ಚಿಕೊಂಡಿರುತ್ತದೆ. ಹಾಗೆ ಬಿಟ್ಟದ್ದಕ್ಕೆ ಕೊಂಡಿ ಎಂದು ಹೆಸರಿಟ್ಟುಕೊಂಡೆ. ಬ್ಲೇಡು ಜಾರಿ ಎಡಗೈ ಹೆಬ್ಬೆರಳು ಎರಡು ಸಲ ಕೊಯ್ದಿತು.

ಸೀಮೆಸುಣ್ಣ ಪುಡಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಅಚ್ಚಿನ ಮೇಲೆ ತಟ್ಟಿದೆ. ಗುರುತು ಚೆನ್ನಾಗಿಯೇ ಬಿತ್ತು. ರಜಾಯಿ ಸುರುಳಿ ಸುತ್ತಿದ ಕೂಡಲೇ ಉದುರಿಹೋಯಿತು. ನುಣುಪಾದ ಬೂದಿಯಾದರೆ ಹಿಡಿಯಬಹುದೆಂದು ದೇವರ ಗೂಡಿನ ವಿಭೂತಿಗೆ ಕೈ ಹಾಕಲು ಹೋದರೆ ಅತ್ತೆ ತಡೆದರು. "ಹೊದೆಯೋದು ಅಂದ್ರೆ ಕಾಲಡಿಗೂ ಬತ್ತದೆ. ಅದ ಮುಟ್ಟಬ್ಯಾಡ. ಒಲೆ ಬೂದಿನೇ ವಸ್ತ್ರಗಾಳಿಸ್ಕ." ಅವರೇ ಮೊರ ತಂದು ಕೂತು, ಹಳೆ ಪಂಚೆಯಲ್ಲಿ ಮೂರು ಸಲ ಸೋಸಿ ಕೊಟ್ಟರು. ಅದು ಸುಣ್ಣಕ್ಕಿಂತ ವಾಸಿಯಾಗಿತ್ತು, ಆದರೆ ಅದೂ ಪೂರ್ತಿ ನಿಲ್ಲಲಿಲ್ಲ.

ಮೊದಲ ರಜಾಯಿ ಹಿಡಿದೆ. ಮೆಷಿನ್ನಿನ ಕುತ್ತಿಗೆಯಡಿ ಇರುವುದು ಒಂದು ಗೇಣು ಜಾಗ. ಅಷ್ಟರಲ್ಲಿ ಅರ್ಧ ರಜಾಯಿಯ ಸುರುಳಿ ತೂರಬೇಕು. ಪಾದವಿಲ್ಲದ್ದರಿಂದ ಹತ್ತಿ ಸೂಜಿಯ ಜೊತೆಗೇ ಮೇಲೆದ್ದು ಹೊಲಿಗೆ ಬಿಡುತ್ತಿತ್ತು. ಬಾಲ್‌ಪೆನ್ನಿನ ಸ್ಪ್ರಿಂಗನ್ನು ಸೂಜಿಗೆ ಏರಿಸಿದೆ, ಅದು ಬಟ್ಟೆಯನ್ನು ಒತ್ತಿ ಹಿಡಿಯಿತು. ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಬೆರಳಿಗೆ ಹಾಕಿಕೊಂಡೆ, ಜಾರುವುದು ನಿಂತಿತು. ಇಷ್ಟೆಲ್ಲ ಗೆದ್ದೆ ಎಂದುಕೊಳ್ಳುವಾಗ ಬೇರೆ ಕಷ್ಟ ಎದುರಾಯಿತು. ಬಳ್ಳಿಯ ಒಂದು ತುಂಡು ಹೊಲಿದು ನಿಲ್ಲಬೇಕು, ದಾರ ಕತ್ತರಿಸಬೇಕು. ಹೂವಿಗೆ ಹೋಗಬೇಕು, ಮತ್ತೆ ಕತ್ತರಿಸಬೇಕು. ಎಲೆಗೆ ಬಂದರೆ ಇನ್ನೊಂದು ಸಲ. ಪ್ರತಿ ಕಡಿತಕ್ಕೂ ಹಿಂದೆ ಎರಡು ಬಾಲ, ಒಂದು ಗಂಟು. ಮೇಲಾಗಿ ಹೊಲಿದಂತೆಲ್ಲ ಬಟ್ಟೆ ಒಳಕ್ಕೆ ಸೆಳೆದುಕೊಂಡು, ಮೂಲೆ ತಲುಪುವ ಹೊತ್ತಿಗೆ ಅಚ್ಚಿಗೂ ಬಟ್ಟೆಗೂ ಅಳತೆಯೇ ಕೂಡಲಿಲ್ಲ. ಕೊನೆಯ ಸಾಲಿನಲ್ಲಿ ಅರ್ಧ ಹೂವು ಉಳಿಯಿತು.

ಹನ್ನೆರಡು ದಿನ ಹಿಡಿದಿತ್ತು. ಅತ್ತೆ ಅದನ್ನು ತಿರುವಿ ನೋಡಿ ಹೇಳಿದರು: "ಮುಂದುಗಡೆ ಮದ್ವೆ ಮನೆ ಥರಾ ಐತೆ ಕಣೇ. ಹಿಂದುಗಡೆ ಎಂಜಲೆಲೆ ಬಿಸಾಕಿದ ಜಾಗದ ಥರಾ ಐತೆ."

ಸಿಟ್ಟು ಬಂತು, ಆದರೆ ಸುಳ್ಳು ಹೇಳಿರಲಿಲ್ಲ. ಆಗ ಮಾದರಿಯ ರಜಾಯಿಯನ್ನು ತಿರುವಿದೆ. ಅದರ ಹಿಂದುಗಡೆಯೂ ಮುಂದಿನಷ್ಟೇ ಚೊಕ್ಕಟವಾಗಿತ್ತು. ಗಂಟುಗಳನ್ನು ಹುಡುಕಿದೆ, ಎಲ್ಲೋ ಒಂದು, ಎಲ್ಲೋ ಇನ್ನೊಂದು. ಇಷ್ಟು ಹೂವನ್ನು ದಾರ ಕಡಿಯದೆ ಹೇಗೆ ದಾಟಿದರು? ಬೆರಳಿಟ್ಟುಕೊಂಡು ದಾರಿ ಹಿಡಿಯಲು ನೋಡಿದೆ. ಎರಡನೆಯ ಹೂವಿನಲ್ಲೇ ತಪ್ಪಿಹೋಯಿತು. ಮರುದಿನ ಮಾದರಿಯನ್ನೂ, ರಜಾಯಿಗೆ ಮೊದಲು ಪ್ರಯೋಗಕ್ಕೆಂದು ಇದೇ ಬಳ್ಳಿ ಹೊಲಿದಿದ್ದ ಒಂದು ತುಂಡನ್ನೂ ಚೀಲಕ್ಕೆ ತುರುಕಿಕೊಂಡು ತರೀಕೆರೆ ಬಸ್ಸು ಹತ್ತಿದೆ.

ಮಸೀದಿಯ ಹಿಂದಿನ ಬೀದಿಯಲ್ಲಿ ರಜಾಯಿ ಅಜ್ಜಿ ಎಂದರೆ ಎಲ್ಲರಿಗೂ ಗೊತ್ತಿತ್ತು. ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು, ಸಣ್ಣ ಮೈಕಟ್ಟು, ದಪ್ಪ ಗಾಜಿನ ಕನ್ನಡಕ. ಸೊಸೆಗೆ ದಖ್ಖನಿಯಲ್ಲಿ ಚಹಾ ಮಾಡಲು ಹೇಳಿ ನನ್ನ ಕಡೆ ತಿರುಗಿ, "ಬಾರವ್ವ, ಕುತ್ಕ. ಯಾವೂರು?" ಎಂದರು. ನಾನು ಅಜ್ಜಂಪುರ ಎಂದೆ. ಹೊಲಿಗೆ ಕಲಿಯುವ ಆಸೆಯಿಂದ ಬಂದೆ ಎಂದೂ ಹೇಳಿದೆ. ಅರ್ಧ ನಿಜ.

"ಚೀಲದಲ್ಲಿ ಏನೈತೆ? ಬಟ್ಟೆ ವಾಸನೆ ಬತ್ತೈತೆ" ಎಂದು ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ಮಾದರಿಯ ಅಂಚು ಬೆರಳಿಗೆ ಸಿಕ್ಕಿದ್ದೇ ಮುಖ ಅರಳಿತು. "ಇದು ನಂದು! ಕಡೂರಿನ ಯಜಮಾನ್ರು ಅಂಗಡಿ ಇಟ್ಟ ಹೊಸದ್ರಲ್ಲಿ ಹೊಲ್ದು ಕಳಿಸಿದ್ದು. ಇನ್ನೂ ಐತಾ?" ಮೊಮ್ಮಗುವನ್ನು ಸವರುವಂತೆ ಸವರಿದರು. ಆಮೇಲೆ ಕೈ ಇನ್ನೊಂದು ತುಂಡಿಗೆ ಹೋಯಿತು. ಬೆರಳು ಬಳ್ಳಿಯ ಮೇಲೆ ಓಡಿತು, ನಿಂತಿತು, ಮತ್ತೆ ಓಡಿತು.

"ಇದೂ ನಂದೇ," ಎಂದರು ನಿಧಾನವಾಗಿ. "ಆದ್ರೆ ನಾನು ಹೊಲ್ದಿದ್ದಲ್ಲ."

ಚಹಾ ಲೋಟ ಕೆಳಗಿಟ್ಟೆ. ಎಲ್ಲ ಹೇಳಿಬಿಟ್ಟೆ: ಆರು ರಜಾಯಿಯ ಕೆಲಸ, ಇದ್ದಿಲು ಉಜ್ಜಿ ತೆಗೆದ ನಕಲು, ಎಕ್ಸ್‌ರೇ ಹಾಳೆ, ಯಜಮಾನರ ಮಾತು. ಅವರು ಕೇಳುತ್ತ ಕೂತಿದ್ದರು.

"ಆರು ಬೇಕು ಅಂದ್ರಾ?"

"ಹೂಂ ಅಜ್ಜಿ."

"ನಂಗೆ ಹೇಳಿದ್ರು, ಈಗ ಯಾರೂ ರಜಾಯಿ ಕೇಳಲ್ಲ, ಎಲ್ಲಾ ರಗ್ಗು ತಕೊಂತಾರೆ ಅಂತ. ಎರಡು ವರ್ಷ ಆಯ್ತು. ಹೋಗ್ಲಿ, ಕಾಲ ಹಂಗೆ ಬಂತು ಅನ್ಕಂಡಿದ್ದೆ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

ಬೈದಿದ್ದರೆ ಸುಲಭವಾಗುತ್ತಿತ್ತು. ಸೊಸೆ ಲೋಟ ತೆಗೆದುಕೊಂಡು ಹೋದಳು. ನಾನು ಎದ್ದು ಹೋಗಲೂ ಆಗದೆ ಕೂರಲೂ ಆಗದೆ ಇದ್ದೆ. ಅಜ್ಜಿಯೇ ನನ್ನ ತುಂಡನ್ನು ಮತ್ತೆ ಎತ್ತಿಕೊಂಡು, ಹಿಂಬದಿಯ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು.

"ಆಯ್ತು, ಮಾಡೋದು ಮಾಡಿದೀಯ. ನನ್ ಬಳ್ಳೀನ ಇಷ್ಟು ಕಡೆ ಯಾಕೆ ಕಡ್ದೆ?"

"ಬಳ್ಳಿ ಬೇರೆ, ಹೂವು ಬೇರೆ ಅಲ್ವಾ ಅಜ್ಜಿ?"

"ಯಾರು ಹೇಳಿದ್ದು? ಗಿಡದಲ್ಲಿ ಹೂವು ಬೇರೆ ಇರ್ತದಾ? ನೀನು ಚಿತ್ರ ನೋಡಿದೀಯ ಕಣವ್ವ, ದಾರಿ ನೋಡಿಲ್ಲ."

ಸೊಸೆಯಿಂದ ಮೊರದಲ್ಲಿ ಹಿಟ್ಟು ತರಿಸಿ ತೆಳ್ಳಗೆ ಹರಡಿಸಿದರು. ತೋರುಬೆರಳನ್ನು ಅದರಲ್ಲಿ ಇಟ್ಟು ಎಳೆದರು. ಬಳ್ಳಿ ಒಂದು ತಿರುವು ಬಂತು. ಅಲ್ಲಿಂದ ತೊಟ್ಟಿನ ಮೇಲೆ ಏರಿ, ಐದೂ ಎಸಳು ಸುತ್ತಿ, ಅದೇ ತೊಟ್ಟಿನ ಮಗ್ಗುಲಲ್ಲಿ ಇಳಿದು, ಎಲೆಯ ಒಂದು ಅಂಚಿನಲ್ಲಿ ಹೋಗಿ ಇನ್ನೊಂದು ಅಂಚಿನಲ್ಲಿ ಬಂದು, ಮುಂದಿನ ತಿರುವಿಗೆ ಬೆರಳು ತಲುಪಿತು. ಒಮ್ಮೆಯೂ ಮೇಲೆತ್ತಲಿಲ್ಲ. "ತೊಟ್ಟಿನ ಮೇಲೆ ಎರಡು ಸಲ ಹೋದ್ರೆ ತಪ್ಪಿಲ್ಲ. ತೊಟ್ಟು ಗಟ್ಟಿ ಕಾಣ್ತದೆ, ಅಷ್ಟೇ."

ಮೆಷಿನ್ನಿಗೆ ಬೇಕಾದದ್ದೂ ಅದೇ: ನಿಲ್ಲದ ಗೆರೆ. ಕೈಸೂಜಿಯ ದಾರ ಉಳಿಸಲು ಆ ಅಜ್ಜಿ ಐವತ್ತು ವರ್ಷದ ಹಿಂದೆ ಕಂಡುಕೊಂಡ ದಾರಿ ನನ್ನ ಪೆಡಲ್ಲಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಇದನ್ನು ತಿಳಿದುಕೊಂಡು ಸುಮ್ಮನೆ ಬಸ್ಸು ಹತ್ತಬಹುದಿತ್ತು. ಅವರು ತಡೆಯುತ್ತಲೂ ಇರಲಿಲ್ಲ. ಆದರೆ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಆ ಮುಖ ನೋಡಿ ನಾನು ತೀರ್ಮಾನ ಮಾಡಿದೆ.

"ಅಜ್ಜಿ, ನೀವು ಅಜ್ಜಂಪುರಕ್ಕೆ ಬನ್ನಿ. ಆರೂ ಮುಗಿಯೋತನಕ ನಮ್ಮನೇಲಿ ಇರಿ. ನೀವಿಲ್ದೆ ನಾನು ಮುಂದಕ್ಕೆ ಹೊಲಿಯಲ್ಲ."

"ನನ್ ಕಣ್ಣಲ್ಲಿ ಏನಾಗ್ತದವ್ವ?"

"ಕಣ್ಣು ನಂದು. ಬೆರಳು ನಿಮ್ದು."

"ಯಜಮಾನ್ರು ಕರೀಲಿ," ಎಂದರು. "ಬ್ಯಾಡ ಅಂದೋರು ಅವರು. ಬಾ ಅನ್ನೋದೂ ಅವರೇ ಅನ್ಲಿ."

ನೇರ ಕಡೂರಿಗೆ ಹೋಗಿ ಅಜ್ಜಿಯ ಮಾತನ್ನೆಲ್ಲ, ರಗ್ಗಿನದನ್ನೂ ಸೇರಿಸಿ, ಹೇಳಿದೆ. ಯಜಮಾನರು ಮೊದಲು ಕೆರಳಿದರು. "ಕೆಲ್ಸ ಕೊಟ್ಟಿದ್ದು ನಿಮಗೆ ಕಣಮ್ಮ! ಆಗಲ್ಲ ಅಂದ್ರೆ ಹೇಳಿ, ಬೇರೆಯೋರ ಹತ್ರ ಮಾಡಿಸ್ಕೋತೀನಿ."

"ಮಾಡಿಸ್ಕೊಳ್ಳಿ ಯಜಮಾನ್ರೇ. ಹೀಗೇ ಆಗ್ತವೆ" ಎಂದು ನನ್ನ ತುಂಡನ್ನು ಹಿಂಬದಿ ಮೇಲಾಗಿ ಗದ್ದುಗೆಯ ಮೇಲೆ ಹಾಸಿದೆ. ಪಕ್ಕದಲ್ಲಿ ಅಜ್ಜಿಯದನ್ನೂ ತಿರುವಿ ಇಟ್ಟೆ. ಜೀವಮಾನವೆಲ್ಲ ಬಟ್ಟೆ ಮುಟ್ಟಿದ ಕೈ ಅವರದು. ನೋಡಿದರು, ಮುಟ್ಟಿದರು, ಆಳನ್ನು ಆಚೆ ಕಳಿಸಿದರು.

"ರಗ್ಗಿನ ಮಾತು ಪೂರಾ ಸುಳ್ಳಲ್ಲಮ್ಮ," ಎಂದರು ಧ್ವನಿ ತಗ್ಗಿಸಿ. "ಕೊನೇಲಿ ಕೊಟ್ಟಿದ್ದರಲ್ಲಿ ಹೊಲಿಗೆ ಅಲ್ಲಲ್ಲಿ ದಾರಿ ಬಿಟ್ಟಿತ್ತು. ನಿಮ್ಗೆ ಕಣ್ಣು ಕಾಣ್ತಿಲ್ಲ ಅಂತ ಮುಖ ನೋಡಿ ಹೇಳಾಕೆ ಬಾಯಿ ಬರ್ಲಿಲ್ಲ."

"ಹಂಗಂತ ಅವರಿಗೇ ಹೇಳಿ."

ಮೂರು ದಿನ ಸುದ್ದಿಯಿಲ್ಲ. ಕೆಲಸ ಕೈಬಿಟ್ಟಿತೆಂದೇ ಎಣಿಸಿ, ಹಾಳಾದ ರಜಾಯಿಯ ಗಂಟು ಬಿಚ್ಚುತ್ತ ಕೂತಿದ್ದೆ. ನಾಲ್ಕನೆಯ ದಿನ ಮನೆ ಮುಂದೆ ಕಾರು ನಿಂತಿತು. ಯಜಮಾನರು ಹಿಂದಿನ ಬಾಗಿಲು ತೆಗೆದರು, ಅಜ್ಜಿ ಬಟ್ಟೆಗಂಟಿನೊಂದಿಗೆ ಇಳಿದರು. ಇಬ್ಬರೂ ದಾರಿಯಲ್ಲಿ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ಅಜ್ಜಿಯ ಬಾಯಲ್ಲಿ ಮಾತ್ರ ಅವರು ಕೊಡಿಸಿದ ಎಲೆಯಡಿಕೆ ಇತ್ತು.

ಆಮೇಲಿನ ಇಪ್ಪತ್ತೈದು ದಿನ ನನ್ನ ದುಡಿಮೆಯ ಬದುಕಿನಲ್ಲೇ ಸೊಗಸಾದವು. ಹಳೆಯ ಅಚ್ಚುಗಳನ್ನೆಲ್ಲ ಬಿಸಾಡಿ ಹೊಸದಾಗಿ ಕೊರೆದೆ. ಈ ಸಲ ಪೂರ್ತಿ ರಜಾಯಿಗೆ ದೊಡ್ಡ ಅಚ್ಚಲ್ಲ; ಒಂದು ತಿರುವು, ಒಂದು ಹೂವು, ಎರಡು ಎಲೆ, ಅಷ್ಟೇ. ಹೊಲಿಯುವ ಕ್ರಮಕ್ಕೆ ಹಾಳೆಯ ಮೇಲೆ ಸೂಜಿಯಿಂದ ಬಾಣ ಗೀಚಿದೆ. ಅಂಗೈಯಗಲ ಗುರುತು ಹಾಕುವುದು, ಅಷ್ಟನ್ನೇ ಹೊಲಿಯುವುದು, ಮೆಷಿನ್ನು ನಿಲ್ಲಿಸಿ ಸೂಜಿ ಬಟ್ಟೆಯಲ್ಲೇ ಇರುವಂತೆ ಮುಂದಿನ ಗುರುತು ಹಾಕುವುದು. ಉದುರಲು ಬೂದಿಗೆ ಹೊತ್ತೇ ಸಿಗುತ್ತಿರಲಿಲ್ಲ. ನಡುವಿನಿಂದ ಹೊರಟದ್ದರಿಂದ ಬಟ್ಟೆ ಎಷ್ಟೇ ಸೆಳೆದುಕೊಂಡರೂ ಅಚ್ಚು ಅದರ ಹಿಂದೆಯೇ ಹೋಗುತ್ತಿತ್ತು. ಅಂಚಿನಲ್ಲಿ ಜಾಗ ಕಡಿಮೆಯಾದರೆ ಅಜ್ಜಿ ಗೇಣು ಹಾಕಿ ನೋಡಿ, "ಇಲ್ಲಿ ಹೂವು ಬ್ಯಾಡ, ಮೊಗ್ಗು ಬಿಡು" ಎನ್ನುತ್ತಿದ್ದರು. ಅರ್ಧ ಹೂವಿನ ಸಮಸ್ಯೆ ಹಾಗೆ ತೀರಿತು.

ಅವರು ಮೆಷಿನ್ನಿನ ಮಗ್ಗುಲಲ್ಲಿ ಮಣೆ ಹಾಕಿ ಕೂತು ಸದ್ದು ಕೇಳುತ್ತಿದ್ದರು. ನಾನು ತಿರುವಿನಲ್ಲಿ ಅವಸರಪಟ್ಟರೆ, "ಯಾಕೆ ಓಡ್ತೀಯ? ಬಸ್ಸು ಹೋಗಲ್ಲ" ಎನ್ನುವರು. ಒಮ್ಮೆ ನಾನು ಹೂವಿನ ನಡುವೆ ಇದ್ದಾಗ ಥಟ್ಟನೆ ಕೈ ಹಿಡಿದು ನಿಲ್ಲಿಸಿ, "ಕೆಳಗಿನ ದಾರ ಮುಗೀತು ನೋಡು" ಎಂದರು. ಬಾಬಿನ್ ತೆಗೆದರೆ ನಿಜವಾಗಿ ಖಾಲಿ. ಎರಡೇ ವಾರದಲ್ಲಿ ನನ್ನ ಮೆಷಿನ್ನಿನ ಬೋಳು ಸದ್ದನ್ನು ಕಲಿತುಬಿಟ್ಟಿದ್ದರು.

ಮೊದಲ ದಿನ ಅತ್ತೆ ಅವರಿಗೆ ಪಡಸಾಲೆಯಲ್ಲಿ ಹಾಸಿಕೊಟ್ಟಿದ್ದರು, ತಟ್ಟೆ ಲೋಟವನ್ನೂ ಬೇರೆ ಇಟ್ಟಿದ್ದರು. ನಾನು ಏನೋ ಹೇಳಬೇಕೆಂದಿದ್ದೆ, ಹೇಳಲಿಲ್ಲ. ಆ ಬಗ್ಗೆ ಈಗಲೂ ನಾಚಿಕೆಯಿದೆ. ನಾಲ್ಕನೆಯ ದಿನ ಇಬ್ಬರೂ ಎದುರುಬದುರು ಕೂತು ಹತ್ತಿ ಹರಡುತ್ತಿದ್ದಾಗ ತಮ್ಮ ತಮ್ಮ ಹೆರಿಗೆಗಳ ಕಥೆ ಶುರುವಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆ ತಮ್ಮ ಪಕ್ಕದಲ್ಲೇ ತಟ್ಟೆ ಹಾಕಿ, "ಬಾರೇ, ಮುದ್ದೆ ಆರೋಗ್ತದೆ" ಎಂದು ಕೂಗಿದರು. ಹಾಸಿಗೆಯೂ ತಾನಾಗಿ ಒಳಕೋಣೆಗೆ ಬಂತು. "ಪಡಸಾಲೇಲಿ ಚಳಿ" ಎಂದು ನನ್ನ ಕಡೆ ನೋಡದೆ ಹೇಳಿದರು ಅತ್ತೆ.

ಆರನೆಯ ರಜಾಯಿ ಶಿವರಾತ್ರಿಗೆ ಎರಡು ದಿನ ಇರುವಾಗ ಮುಗಿಯಿತು. ಯಜಮಾನರು ಆರನ್ನೂ ಹಿಂಬದಿ ತಿರುವಿಯೇ ನೋಡಿದರು. ಮದುವೆ ಮನೆಯವರು ಯಾರು ಹೊಲಿದದ್ದೆಂದು ಕೇಳಿದಾಗ, "ಇಬ್ಬರು ಹೆಂಗಸರು, ಒಬ್ಬರು ತರೀಕೆರೆ, ಒಬ್ಬರು ಅಜ್ಜಂಪುರ" ಎಂದು ಹೇಳಿದರಂತೆ. ಆ ಕ್ರಮದಲ್ಲೇ ಹೇಳಿದರಂತೆ. ನನಗೆ ಅಷ್ಟು ಸಾಕಾಯಿತು.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಒಂದು ದಿನ ಅಜ್ಜಿ ಸೊಸೆಯ ಕೈ ಹಿಡಿದುಕೊಂಡು ಮತ್ತೆ ಬಂದರು. ಕಂಕುಳಲ್ಲಿ ಹಸಿರು ಬಟ್ಟೆ, ಹಿಂಜಿದ ಹತ್ತಿಯ ಗಂಟು.

"ಯಾರ ಮನೇದು ಅಜ್ಜಿ?"

"ನಂದೇ. ಎಷ್ಟೋ ಜನಕ್ಕೆ ಹೊಲ್ದೆ, ನಾನು ಹೊದ್ಕಂಡಿದ್ದು ಮಾತ್ರ ಕರೀ ಕಂಬಳಿ. ಒಂದು ಹೊಲ್ಕೊಡು."

"ಬಳ್ಳೀನೇ ಹಾಕ್ತೀನಿ."

"ಬ್ಯಾಡ ಬ್ಯಾಡ, ಅದು ನಂಗೆ ಸಾಕಾಗೈತೆ. ನಿಂದು ಯಾವ್ದಾರ ಹಾಕು."

ಆಗ ತಿಳಿಯಿತು, ನನ್ನದು ಎನ್ನುವಂಥದ್ದು ನನ್ನಲ್ಲಿ ಒಂದೂ ಇರಲಿಲ್ಲ. ಅಷ್ಟು ವರ್ಷ ಬಿಡಿಸಿದ್ದೆಲ್ಲ ಪುಸ್ತಕದ ಹೂವು, ಯಾರದೋ ಸೀರೆಯ ನವಿಲು. ತೊಳೆದ ಎಕ್ಸ್‌ರೇ ಹಾಳೆಯ ಮುಂದೆ ಒಂದು ವಾರ ಖಾಲಿ ಕೂತೆ. ಕೊನೆಗೆ ನನ್ನ ತವರು ಯಗಟಿಯ ಹೊಲ ನೆನಪಾಯಿತು. ರಾಗಿ ತೆನೆ ಕೊರೆದೆ. ಒಳಕ್ಕೆ ಬಾಗಿದ ಐದು ಕವಲು, ಒಂದರಿಂದ ಇನ್ನೊಂದಕ್ಕೆ ಇಳಿದು ಏರುವ ಗೆರೆ, ದಂಟಿನಿಂದ ದಂಟಿಗೆ ದಾರಿ. ಅಚ್ಚು ಸರಿಬರುವಷ್ಟರಲ್ಲಿ ನಾಲ್ಕು ಹಾಳೆ ಹಾಳಾದವು.

ತರೀಕೆರೆಗೆ ನಾನೇ ಒಯ್ದುಕೊಟ್ಟೆ. ನೆತ್ತಿ ಸುಡುವ ಮಧ್ಯಾಹ್ನ. ಅಜ್ಜಿ ಮಡಿಲಲ್ಲಿಟ್ಟುಕೊಂಡು ಒಂದು ತೆನೆಯನ್ನು ಬೆರಳಿನಿಂದ ಓದಿದರು.

"ಯಾರ ಕೈ ಇದು? ಮುಷ್ಟಿ ಹಿಡ್ದಂಗೈತೆ."

"ಕೈ ಅಲ್ಲ ಅಜ್ಜಿ, ರಾಗಿ ತೆನೆ."

"ಓ," ಎಂದರು. ಮತ್ತೊಂದು ತೆನೆ ಮುಟ್ಟಿದರು, ಇನ್ನೊಂದು ಮುಟ್ಟಿದರು. ಚಾಪೆ ಹಾಸಿಸಿ, ಮಲಗಿ, ರಜಾಯಿಯನ್ನು ಕತ್ತಿನವರೆಗೆ ಎಳೆದುಕೊಂಡರು. ಹಣೆಯಲ್ಲಿ ಬೆವರು ಸಾಲುಗಟ್ಟಿತು. ಸೊಸೆ ಗಾಬರಿಯಾಗಿ ತೆಗೆಯಲು ಬಗ್ಗಿದಳು.

"ಬಿಡೇ," ಎಂದರು ಕಣ್ಣು ಮುಚ್ಚಿಕೊಂಡೇ. "ಸೆಕೆ ನಂಗೆ ತಾನೆ ಆಗ್ತಿರೋದು."

ನಾನು ಹಿಡಿಯಬೇಕಿದ್ದ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು. ಅವರು ನಿದ್ದೆ ಮಾಡುತ್ತಿದ್ದರು. ಸೊಸೆ ಬೀಸಣಿಗೆ ತಂದಳು. ಸ್ವಲ್ಪ ಹೊತ್ತು ಅವಳು, ಸ್ವಲ್ಪ ಹೊತ್ತು ನಾನು, ಸರದಿಯಂತೆ ಬೀಸುತ್ತ ಕೂತೆವು.